ಆಫೀಸಿಂದ ಬಂದಮೇಲೆ ಸಿಗೋದು ಎರಡೇ ಗಂಟೆ. ಮಗು ಜೊತೆ ನೀವೆಲ್ಲ ಏನು ಮಾಡಿದಿರಿ?

ಕೇಳಿದವರು: ಬನಶಂಕರಿಯ ಒಬ್ಬ ಅಮ್ಮ

ಮಗಳಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ನಾನು, ನಮ್ಮೆಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ನನ್ನ ಆಫೀಸು ಬೆಳ್ಳಂದೂರಲ್ಲಿ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಾಗ ಏಳೂವರೆ. ಒಂಬತ್ತೂವರೆಗೆ ಅವಳು ಮಲಗುತ್ತಾಳೆ. ಮಧ್ಯದಲ್ಲಿ ಅಡುಗೆ, ಊಟ, ಪಾತ್ರೆ. ಆ ಹೊತ್ತಲ್ಲಿ ಅವಳ ಕೈಗೆ ಫೋನ್ ಕೊಟ್ಟುಬಿಡುತ್ತೇನೆ, ಸುಳ್ಳು ಹೇಳಲ್ಲ. ಇನ್ನೂ ಒಂದೊಂದೇ ಪದ ಮಾತಾಡುತ್ತಾಳೆ. ಮಿದುಳು ಚುರುಕು ಮಾಡುವ ಕ್ಲಾಸ್ ಇದೆಯಂತೆ, ಅದಕ್ಕೆ ಸೇರಿಸು ಅಂತ ನಾದಿನಿ ಒತ್ತಾಯ. ಮನೆಗೆಲಸದ ಜೊತೆಗೇ ಏನಾದರೂ ಮಾಡೋಕೆ ಆಗುತ್ತಾ? ಪುಸ್ತಕದಲ್ಲಿ ಓದಿದ್ದು ಬೇಡ, ನೀವು ಮಾಡಿದ್ದು ಹೇಳಿ.

ಬಸವನಗುಡಿ, ಇಬ್ಬರು ಮಕ್ಕಳು

ಕ್ಲಾಸಿಗೆ ಕೊಡೋ ದುಡ್ಡಲ್ಲಿ ಅವರೆಕಾಯಿ ತಗೊಳ್ಳಿ. ತಮಾಷೆ ಅಲ್ಲ.

ದೊಡ್ಡವನಿಗೆ ಮೂರು ವರ್ಷ ಇದ್ದಾಗ ನಾನು ಅಡುಗೆಮನೆ ಬಾಗಿಲಿಗೆ ಅಡ್ಡ ಗೇಟ್ ಹಾಕಿಸಿದ್ದೆ. ಅವನು ಆ ಕಡೆ ನಿಂತು ಅಳೋದು, ನಾನು ಈ ಕಡೆ ಒಗ್ಗರಣೆ ಹಾಕೋದು. ಆ ಡಿಸೆಂಬರಲ್ಲಿ ಅತ್ತೆ ಬಂದರು. ಗಾಂಧಿ ಬಜಾರಿಂದ ಎರಡು ಕೆಜಿ ಸೊಗಡವರೆ ತಂದು, ಹಾಲಲ್ಲಿ ಪೇಪರ್ ಹಾಸಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮೊದಲ ದಿನ ಬಿಡಿಸೋದು. ಸಿಪ್ಪೆ ಈ ಕಡೆ, ಕಾಳು ಪಾತ್ರೆಗೆ. ಅವನು ಬಿಡಿಸಿದ ಕಾಳಲ್ಲಿ ಅರ್ಧ ಸೋಫಾ ಕೆಳಗೆ ಹೋಯಿತು.

ರಾತ್ರಿ ನೆನೆಹಾಕಿ ಮಾರನೇ ದಿನ ಹಿತುಕೋದು. ಮಜಾ ಇರೋದು ಇಲ್ಲೇ. ಹೆಬ್ಬೆರಳು, ತೋರುಬೆರಳ ಮಧ್ಯೆ ಇಟ್ಟು ಒತ್ತಿದರೆ ಬೇಳೆ ಪುಳಕ್ ಅಂತ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಅವನಿಗೆ ಮೊದಲು ಬರಲಿಲ್ಲ. ಮುಷ್ಟಿಯಲ್ಲಿ ಹಿಡಿದು ಜಜ್ಜಿದ. ನಾನಾಗಿದ್ದರೆ ಕೈ ಹಿಡಿದು ಮಾಡಿಸುತ್ತಿದ್ದೆ. ಅತ್ತೆ ಏನೂ ಹೇಳಲಿಲ್ಲ, ಅವನ ಕಣ್ಣಿಗೆ ಬೀಳೋ ಹಾಗೆ ನಿಧಾನವಾಗಿ ಹಿತುಕುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಅವನ ಕೈಯಿಂದ ಒಂದು ಬೇಳೆ ಹಾರಿ ಅತ್ತೆ ಕನ್ನಡಕಕ್ಕೆ ಬಡಿಯಿತು. ಆಮೇಲೆ ಅವನನ್ನು ಎಬ್ಬಿಸೋದೇ ಕಷ್ಟ ಆಯಿತು.

ಅಂಗಿ ಗುಂಡಿ ಹಾಕೋಕೆ, ಪೆನ್ಸಿಲ್ ಹಿಡಿಯೋಕೆ ಬೇಕಾದ್ದು ಇದೇ ಬೆರಳುಗಳ ಶಕ್ತಿ. ನನಗೆ ಇದು ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಅತ್ತೆಗೆ ಬೇಕಿದ್ದದ್ದು ಹಿತ್ಕಿದ ಬೇಳೆ ಸಾರು ಅಷ್ಟೇ.

ಮಾತಿನ ವಿಷಯಕ್ಕೂ ನಾನು ಕಲಿತಿದ್ದು ಅತ್ತೆಯಿಂದಲೇ. ನಾನು ದಿನವಿಡೀ ಪರೀಕ್ಷೆ ಮಾಡುತ್ತಿದ್ದೆ. ಇದೇನು, ಇದ್ಯಾವ ಬಣ್ಣ, ಹೇಳು ಹೇಳು. ಅವನು ಬಾಯಿ ತೆರೆಯೋ ಮುಂಚೆ ಉತ್ತರವನ್ನೂ ನಾನೇ ಹೇಳಿಬಿಡುತ್ತಿದ್ದೆ. ಅತ್ತೆ "ಸಿಪ್ಪೆ ಎಲ್ಲಿಗೆ ಹಾಕೋಣ?" ಅಂತ ಕೇಳಿ ಸುಮ್ಮನೆ ಅವನ ಮುಖ ನೋಡುತ್ತಿದ್ದರು. ಅವನು "ಅಲ್ಲಿ" ಅಂದರೆ "ಹೂಂ, ಅಲ್ಲಿ ಹಾಕು" ಅನ್ನೋರು. "ಕಾಳು" ಅಂದರೆ "ಹಸಿರು ಕಾಳು". ಅವನು ಹೇಳಿದ್ದಕ್ಕೆ ಇನ್ನೊಂದೇ ಪದ ಸೇರಿಸೋದು. ಕೇಳಿದ ಮೇಲೆ ಮನಸ್ಸಲ್ಲೇ ಐದು ಎಣಿಸಿ ನೋಡಿ, ಎಷ್ಟು ಉದ್ದ ಅನ್ನಿಸುತ್ತೆ ಅಂತ.

ಒಂದು ಎಚ್ಚರಿಕೆ. ಅವರೆಕಾಳು, ಬಟಾಣಿ, ಕಡಲೆಬೀಜ ಎಲ್ಲ ಗಂಟಲಿಗೆ ಸಿಕ್ಕಿಕೊಳ್ಳೋ ಗಾತ್ರದವು. ಚಿಕ್ಕವರ ಕೈಗೆ ಕೊಟ್ಟು ಎದ್ದು ಹೋಗಲೇಬೇಡಿ. ನಿಮ್ಮ ಮಗಳಿಗೆ ಈಗ ಸೊಪ್ಪು ಸಾಕು. ಒಂದು ಕಟ್ಟು ಮೆಂತ್ಯ ಸೊಪ್ಪು, ಅವಳ ಮುಂದೆ ಒಂದು ಬಟ್ಟಲು. ನೀವು ನಿಂತಲ್ಲಿ ಬಿಡಿಸೋ ಬದಲು ಕೂತು ಬಿಡಿಸಿ. ಹತ್ತು ನಿಮಿಷದ ಕೆಲಸ ಇಪ್ಪತ್ತು ಆಗುತ್ತದೆ. ಸಾರಿಗೆ ಎರಡು ಕಡ್ಡಿನೂ ಬೀಳುತ್ತದೆ, ಬೀಳಲಿ ಬಿಡಿ.

ವಿಜಯನಗರ, ಒಬ್ಬ ಅಪ್ಪ

ನಮ್ಮನೇಲಿ ಅಡುಗೆ ನನ್ನದು. ಹಾಗಾಗಿ ಮಗನಿಗೆ ಎಣಿಕೆ ಕಲಿಸಿದ್ದು ಕುಕ್ಕರ್. ಒಂದು ಸಲ ಕೂಗಿದರೆ ಒಂದು ಬೆರಳು ಎತ್ತಬೇಕು. ಮಧ್ಯದಲ್ಲಿ ಕಾಯಬೇಕಲ್ಲ, ಅದು ಅವನಿಗೆ ಇನ್ನೂ ದೊಡ್ಡ ಪಾಠ ಆಯಿತು ಅನ್ನಿಸುತ್ತೆ. ಸ್ಟವ್ ಹತ್ತಿರ ಮಾತ್ರ ಬಿಡಲ್ಲ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಇದೆ, ಅದರಾಚೆಗೇ ನಿಲ್ಲಬೇಕು.

ಇನ್ನೊಂದು ಕಸ. ಬೆಳಗ್ಗೆ ಕಸದ ಗಾಡಿ ಹಾಡು ಕೇಳಿಸೋ ಮುಂಚೆ ನಾವಿಬ್ಬರೂ ಬೇರೆ ಮಾಡುತ್ತೇವೆ. ಬಾಳೆಹಣ್ಣಿನ ಸಿಪ್ಪೆ ಹಸಿರು ಬಕೆಟಿಗೆ, ಹಾಲಿನ ಕವರ್ ತೊಳೆದು ಒಣ ಕಸದ ಚೀಲಕ್ಕೆ. ಗಾಜು, ಬ್ಲೇಡು, ಡೈಪರ್ ಅವನ ಕಣ್ಣಿಗೂ ಬೀಳಲ್ಲ. ಮೊನ್ನೆ ಆತುರದಲ್ಲಿ ನಾನೇ ಹಾಲಿನ ಕವರ್ ಹಸಿ ಕಸಕ್ಕೆ ಹಾಕಿದೆ. "ಅಪ್ಪಾ, ಒಣ!" ಅಂತ ಬೈಸಿಕೊಂಡೆ. ಅವನಿಗಿನ್ನೂ ಮೂರು ತುಂಬಿಲ್ಲ.

ಬಟ್ಟೆ ಮಡಚುವಾಗ ಸಾಕ್ಸ್ ಜೋಡಿ ಹುಡುಕೋದೂ ಅವನ ಕೆಲಸ. ಜೋಡಿ ಸರಿಯಾಗಿರುತ್ತೆ ಅಂತ ಗ್ಯಾರಂಟಿ ಇಲ್ಲ.

ಮಲ್ಲೇಶ್ವರಂ, ಮೊಮ್ಮಗಳನ್ನು ನೋಡಿಕೊಳ್ಳುವ ಅಜ್ಜಿ

ನೋಡಮ್ಮ, ಸ್ನಾನ ಹೇಗೂ ಮಾಡಿಸ್ತೀಯ. ಒಂದು ಲೋಟ, ಒಂದು ಚೊಂಬು ಅವಳ ಕೈಗೆ ಕೊಡು. ಲೋಟದಿಂದ ಚೊಂಬಿಗೆ, ಚೊಂಬಿಂದ ಲೋಟಕ್ಕೆ ಸುರಿದುಕೊಳ್ಳಲಿ. ಎಷ್ಟು ಲೋಟ ಹಾಕಿದರೆ ಚೊಂಬು ತುಂಬುತ್ತೆ ಅಂತ ಅವಳೇ ಕಂಡುಕೊಳ್ತಾಳೆ. ಬಕೆಟಲ್ಲಿ ಸ್ವಲ್ಪವೇ ನೀರಿದ್ದರೂ ಒಬ್ಬಳನ್ನೇ ಬಿಟ್ಟು ಬರಬೇಡ, ಫೋನ್ ಬಂದರೂ ಸರಿ, ಕಾಲಿಂಗ್ ಬೆಲ್ ಆದರೂ ಸರಿ.

ನಮ್ಮ ಮೊಮ್ಮಗಳನ್ನು ಹಗಲು ನೋಡಿಕೊಳ್ಳೋಕೆ ಬರೋರು ತಮಿಳಿನವರು. ಎರಡು ಭಾಷೆ ಕಿವಿಗೆ ಬಿದ್ದು ಮಾತು ತಡ ಆಗುತ್ತೆ ಅಂತ ಎಲ್ಲರೂ ಹೆದರಿಸಿದರು. ಡಾಕ್ಟರು ಹಾಗೇನೂ ಇಲ್ಲ, ಎರಡೂ ಭಾಷೆಯ ಪದ ಸೇರಿಸಿ ಲೆಕ್ಕ ಹಾಕಿ ಅಂದರು. ಈಗ ಅವರ ಹತ್ತಿರ "ತಣ್ಣಿ", ನನ್ನ ಹತ್ತಿರ "ನೀರು" ಅಂತ ಕೇಳ್ತಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ.

ಮಲಗಿಸುವಾಗ ಅವತ್ತಿನ ದಿನವನ್ನೇ ಕಥೆ ಮಾಡಿ ಹೇಳು. ಬೆಳಗ್ಗೆ ಬೆಕ್ಕು ಬಂತು, ಆಮೇಲೆ ಏನಾಯ್ತು? ನಾಲ್ಕೇ ಮಾತು. ನೀನೂ ದಣಿದಿರ್ತೀಯ.

ಯಲಹಂಕ, ಒಬ್ಬ ಅಮ್ಮ

ಎಲ್ಲರೂ ಹೇಳಿದ್ದು ಚೆನ್ನಾಗಿದೆ. ಆದರೆ ನೀವು "ಒಂದೊಂದೇ ಪದ" ಅಂದಿದ್ದನ್ನು ಯಾರೂ ಹಿಡಿದುಕೊಳ್ಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ವರ್ಷ ತುಂಬುವ ಹೊತ್ತಿಗೆ "ಅಮ್ಮ ಬಾ", "ಹಾಲು ಬೇಕು" ಥರ ಎರಡು ಪದ ಜೋಡಿಸುತ್ತಾರಾ ಅಂತ ಡಾಕ್ಟರುಗಳು ಸಾಮಾನ್ಯವಾಗಿ ನೋಡುತ್ತಾರೆ. ನನ್ನ ಮಗ ಜೋಡಿಸುತ್ತಿರಲಿಲ್ಲ. ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ ಅಂತ ಮನೆಯವರೆಲ್ಲ ಹೇಳಿದರು. ನಾನೂ ನಂಬಿದೆ. ದಿನಾ ಕಥೆ ಹೇಳಿದೆ, ಹಾಡು ಹೇಳಿದೆ. ಮೂರು ವರ್ಷಕ್ಕೆ ಗೊತ್ತಾಗಿದ್ದು, ಎರಡೂ ಕಿವಿಯ ಪರದೆ ಹಿಂದೆ ನೀರು ಕಟ್ಟಿಕೊಂಡಿದೆ, ನಾವು ಹೇಳಿದ್ದು ಅರ್ಧಂಬರ್ಧ ಕೇಳಿಸುತ್ತಿದೆ ಅಂತ. ಚಿಕಿತ್ಸೆ ಆಯಿತು, ಸ್ಪೀಚ್ ಥೆರಪಿಗೂ ಹೋದೆವು, ಈಗ ವಟವಟ ಅಂತಾನೆ. ಆದರೆ ಆ ಒಂದು ವರ್ಷ ಹೋಯಿತಲ್ಲ.

ಭಯ ಪಡಿಸೋಕೆ ಅಲ್ಲ. ನಿಮ್ಮ ಮಗಳಿಗೆ ಏನೂ ಇರದೇ ಇರಬಹುದು. ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಒಂದು ಮಾಡಿಸಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಾತು ಮತ್ತು ಶ್ರವಣದ ವಿಭಾಗ ಇದೆ. ಮೈಸೂರಲ್ಲಿ ಇದಕ್ಕೆಂದೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸೊಪ್ಪು ಬಿಡಿಸೋದು ಅದರ ಜೊತೆಗೇ ನಡೆಯಲಿ.

ಎಚ್‌ಎಸ್‌ಆರ್ ಲೇಔಟ್, ಒಬ್ಬ ಅಮ್ಮ

ನಾನು ಉಲ್ಟಾ ಅನುಭವ ಹೇಳುತ್ತೇನೆ. ಇಂಥ ಐಡಿಯಾಗಳನ್ನೆಲ್ಲ ಓದಿ ಫ್ರಿಜ್ ಮೇಲೆ ಟೈಮ್‌ಟೇಬಲ್ ಅಂಟಿಸಿದ್ದೆ. ತಿಂಡಿಗೆ ಎಣಿಕೆ, ಸ್ನಾನಕ್ಕೆ ಬಣ್ಣ, ಮೆಟ್ಟಿಲು ಹತ್ತುವಾಗ ಅಕ್ಷರ. "ಇಡ್ಲಿ ಎಷ್ಟಿದೆ ಪುಟ್ಟಾ?" ಅಂತ ಮೂರನೇ ಸಲ ಕೇಳಿದ ದಿನ ತಟ್ಟೆ ತಳ್ಳಿ ಎದ್ದು ಹೋದಳು. ಚಾರ್ಟ್ ಕಿತ್ತು ಹಾಕಿದೆ. ನಿಮಗೆ ಇಷ್ಟ ಇರೋ ಒಂದೇ ಕೆಲಸ ಹಿಡಿದುಕೊಳ್ಳಿ. ಪಾತ್ರೆ ತೊಳೆಯೋದು ನಿಮಗೆ ಬೇಜಾರಾದರೆ ಅದಕ್ಕೆ ಮಗುವನ್ನು ಕರೆಯಬೇಡಿ, ಇಬ್ಬರಿಗೂ ಕೋಪ ಬರುತ್ತೆ.

ಫೋನ್ ಬಗ್ಗೆ ಜಾಸ್ತಿ ಕೊರಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಎರಡು ವರ್ಷದ ಮಗುವಿಗೆ ಸ್ಕ್ರೀನ್ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ನಾನು ಇಪ್ಪತ್ತು ನಿಮಿಷ ಕೊಡುತ್ತೇನೆ. ಊಟದ ತಟ್ಟೆ ಮುಂದೆ ಮಾತ್ರ ಇಲ್ಲ. ಮೊದಲ ನಾಲ್ಕು ದಿನ ರಂಪ ಆಯಿತು.

ಕೇಳಿದವರು, ಒಂದು ವಾರದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಕಿವಿ ಪರೀಕ್ಷೆಗೆ ಶನಿವಾರ ಬರಹೇಳಿದ್ದಾರೆ. ಕ್ಲಾಸಿಗೆ ಸೇರಿಸಲ್ಲ ಅಂತ ನಾದಿನಿಗೆ ಇನ್ನೂ ಹೇಳಿಲ್ಲ. ಸೊಪ್ಪು ಎರಡು ದಿನ ಬಿಡಿಸಿದಳು, ಮೂರನೇ ದಿನ ಬಟ್ಟಲನ್ನು ತಲೆಗೆ ಹಾಕಿಕೊಂಡು ಕೂತಳು. ಕುಕ್ಕರ್ ಮಾತ್ರ ತುಂಬ ಇಷ್ಟ ಆಗಿದೆ. ಇವತ್ತು ಮೂರು ಸಲ ಕೂಗಿದ ತಕ್ಷಣ ಬಾಗಿಲ ಹತ್ತಿರದಿಂದಲೇ "ಅಮ್ಮ ಆಪ್!" ಅಂತ ಕಿರುಚಿದಳು. ಎರಡು ಪದ! ಆ ಖುಷಿಗೆ ಆಫ್ ಮಾಡಿಬಿಟ್ಟೆ. ಬೇಳೆ ಬೆಂದಿರಲಿಲ್ಲ.