ಹೋಪಿಗಳ ‘ತಿಹು’ಗೆ ಕನ್ನಡದಲ್ಲಿ ಏನನ್ನಬೇಕು? ಗೊಂಬೆ ಅಂದರೆ ಸಾಕಾ?

ಮರಳುಗಾಡಿನ ಮೈಸೂರಮ್ಮ:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಬ್ಯಾಂಕ್ ಕೆಲಸದಿಂದ ರಿಟೈರ್ ಆಗಿ ಈಗ ಅಮೆರಿಕದ ಅರಿಜೋನಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಸುಮ್ನೆ ಕೂರುವ ಜಾಯಮಾನ ನನ್ನದಲ್ಲ. ಇಲ್ಲಿನ ಒಂದು ಪುಟ್ಟ ಮ್ಯೂಸಿಯಂನಲ್ಲಿ ವಾರಕ್ಕೆರಡು ದಿನ ಸಂಬಳವಿಲ್ಲದ ಕೆಲಸ ಮಾಡುತ್ತೇನೆ. ಹಳೆಯ ಕ್ಯಾಟಲಾಗ್ ಕಾರ್ಡುಗಳನ್ನು ನೋಡಿಕೊಂಡು ಕಂಪ್ಯೂಟರಿಗೆ ಹತ್ತಿಸುವುದು. ಲೆಡ್ಜರ್ ಬರೆದ ಕೈ, ಅದೇನೂ ಕಷ್ಟವಿಲ್ಲ.

ಕಷ್ಟ ಶುರುವಾಗಿದ್ದು ಕನ್ನಡದಲ್ಲಿ. ಇಲ್ಲಿನ ಕನ್ನಡ ಕೂಟದ ಹಿರಿಯರು ಮುಂದಿನ ತಿಂಗಳು ಮ್ಯೂಸಿಯಂ ನೋಡಲು ಬರುತ್ತಾರೆ. ಅವರಿಗೆ ಕನ್ನಡದಲ್ಲೇ ಒಂದು ಹಾಳೆ ಮಾಡಿಕೊಡುತ್ತೇನೆ ಅಂದುಬಿಟ್ಟೆ.

ಮೊದಲ ವಸ್ತು ಹೋಪಿಗಳದು, ಅಂದರೆ ಅರಿಜೋನಾದ ಒಂದು ಮೂಲನಿವಾಸಿ ಬುಡಕಟ್ಟಿನವರದು. ಅವರು ಇದನ್ನು ‘ತಿಹು’ ಅನ್ನುತ್ತಾರಂತೆ. ಕಾರ್ಡಿನಲ್ಲಿ ಇರುವುದು ಇಷ್ಟೇ: ‘ಕಚಿನಾ ಡಾಲ್. ಹೋಪಿ. ಮರ, ಬಣ್ಣ. ಕಲಾವಿದ ಅಜ್ಞಾತ.’ ಅದರ ಕೆಳಗೆ ಕೊಟ್ಟವರ ಹೆಸರು, ಊರು, ಕೊಟ್ಟ ತಾರೀಖು ಎಲ್ಲಾ ಚೆನ್ನಾಗಿ ಟೈಪ್ ಆಗಿದೆ. ವಸ್ತು ಒಂದು ಗೇಣು ಎತ್ತರ ಇದೆ. ಎರಡೂ ಕೈ ಹೊಟ್ಟೆಗೆ ಒತ್ತಿಕೊಂಡಿವೆ. ನಿಲ್ಲಿಸಲು ಪೀಠ ಇಲ್ಲ, ಕತ್ತಿಗೆ ಒಂದು ಹಳೇ ದಾರ ಇದೆ.

ನಾನು ‘ಹೋಪಿಗಳು ಪೂಜಿಸುವ ದೇವರ ಗೊಂಬೆ’ ಅಂತ ಬರೆದೆ. ಇಲ್ಲಿನ ಮೇಡಂ ಅರ್ಥ ಕೇಳಿ, ‘ಅದನ್ನು ಯಾರೂ ಪೂಜಿಸುವುದಿಲ್ಲ’ ಅಂದರು. ‘ಮಕ್ಕಳ ಆಟದ ಗೊಂಬೆ’ ಅಂತ ತಿದ್ದಿದೆ. ‘ಆಟದ ಸಾಮಾನೂ ಅಲ್ಲ’ ಅಂದರು. ಐವತ್ತು ವರ್ಷ ದಸರಾ ಗೊಂಬೆ ಕೂರಿಸಿದ ನನಗೆ ಗೊಂಬೆ ಅನ್ನುವ ಪದವೇ ಕೈಕೊಟ್ಟಿತು ನೋಡಿ.

ಎರಡನೆಯದು ಕರಿ ಮಡಕೆ. ಕಾರ್ಡಿನಲ್ಲಿ ‘ಮರಿಯಾ ಮಾರ್ಟಿನೆಜ್, ಸ್ಯಾನ್ ಇಲ್ಡೆಫಾನ್ಸೊ, ಸುಮಾರು 1930’ ಅಂತಿದೆ. ಸ್ಯಾನ್ ಇಲ್ಡೆಫಾನ್ಸೊ ಅಂದರೆ ನ್ಯೂ ಮೆಕ್ಸಿಕೊದ ಮೂಲನಿವಾಸಿಗಳ ಒಂದು ಊರು, ಮರಿಯಾ ಅಲ್ಲಿನ ಹೆಸರಾಂತ ಮಡಕೆ ಮಾಡುವವರು. ‘ಮಡಕೆ ಅಂದರೆ ಕಳಪೆ ಅನ್ನಿಸುತ್ತೆ, ಕಲಾಕೃತಿ ಅಂತ ಹಾಕಿ ಅತ್ತೆ’ ಅನ್ನುತ್ತಾರೆ ಅಳಿಯಂದಿರು. ನನಗೆ ಆ ಪದ ಕಂಡರೆ ಆಗದು. ಏನು ಹೇಳಿದ ಹಾಗೂ ಆಗುವುದಿಲ್ಲ.

ಮೂರನೆಯದೂ ಹೋಪಿಗಳದೇ. ಅದಕ್ಕೆ ‘ಮುಖವಾಡ’ ಅಂತ ಬರೆದು ಹಳೆಯ ಫೋಟೋ ಅಂಟಿಸಿದ್ದೆ. ಅದನ್ನು ಮೇಡಂ ಮಾತಿಲ್ಲದೆ ಕಿತ್ತುಹಾಕಿದರು. ನಾನೇನು ತಪ್ಪು ಮಾಡಿದೆ?

ಕ್ಯಾಟಲಾಗ್ ಕಾರಕೂನ:

ನಾನೂ ಇದೇ ಕಸುಬಿನವನು, 18 ವರ್ಷ ಆಯಿತು. ಮೊದಲು ಪದದ ವಿಷಯ. ‘ಕಚಿನಾ’ ಅನ್ನುವುದು ಹೊರಗಿನವರ ಕಿವಿಗೆ ಬಿದ್ದ ರೂಪ. ಹೋಪಿ ಭಾಷೆಯಲ್ಲಿ ‘ಚ’ ಸದ್ದೇ ಇಲ್ಲ. ಅವರದು ‘ಕತ್ಸಿನ’. ಕತ್ಸಿನ ಅಂದರೆ ಗೊಂಬೆಯಲ್ಲ. ಚಳಿಗಾಲದಿಂದ ಜುಲೈವರೆಗೆ ಊರಿಗೆ ಬಂದಿರುವ, ಮಳೆ ಬೆಳೆಗೆ ಸಂಬಂಧಪಟ್ಟ ಚೇತನಗಳು. ಅವರ ರೂಪದಲ್ಲಿ ಕೆತ್ತಿದ್ದು ‘ತಿಹು’. ಕುಣಿತದ ದಿನ ಕತ್ಸಿನಗಳೇ ಅದನ್ನು ಹೆಣ್ಣುಮಕ್ಕಳ ಕೈಗೆ ಕೊಡುತ್ತಾರೆ. ಆಮೇಲೆ ಮನೆಯ ಗೋಡೆಗೆ ನೇತುಹಾಕುತ್ತಾರೆ. ನಿಮ್ಮದರ ಕತ್ತಿನ ದಾರ ಅದಕ್ಕೇ. ದಯವಿಟ್ಟು ಆ ದಾರವನ್ನು ಹಾಳೆಯಲ್ಲಿ ಬರೆಯಿರಿ. ಅಷ್ಟು ದೊಡ್ಡ ಸುಳಿವನ್ನು ಆ ಕಾರ್ಡು ಬರೆದ ಪುಣ್ಯಾತ್ಮ ಬಿಟ್ಟಿದ್ದಾನೆ!

ಗೊಂಬೆ ಅನ್ನಿ, ಪರವಾಗಿಲ್ಲ. ಆದರೆ ‘ತಿಹು’ ಮೊದಲು ಬರಲಿ. ‘ತಿಹು: ಹೋಪಿ ಹೆಣ್ಣುಮಕ್ಕಳಿಗೆ ಕೊಡುವ ಮರದ ಗೊಂಬೆ’. ಪೂಜೆ, ದೇವರು, ಆಟ ಯಾವುದೂ ಬೇಡ. ಯಾವ ಕತ್ಸಿನ, ಅದರ ಅರ್ಥವೇನು ಅಂತ ಊಹಿಸಲೂ ಹೋಗಬೇಡಿ. ಹೋಪಿಗಳಿಗೆ ತಮ್ಮದೇ ಸಂಸ್ಕೃತಿ ರಕ್ಷಣೆಯ ಕಚೇರಿ ಇದೆ. ಕೇಳುವುದಿದ್ದರೆ ನಿಮ್ಮ ಮ್ಯೂಸಿಯಂನವರು ಅಲ್ಲಿ ಕೇಳಲಿ.

ಇನ್ನೊಂದು. ತಿಹು ಕೆತ್ತುವುದು ಕಾಟನ್‌ವುಡ್ ಮರದ ಬೇರಿನಲ್ಲಿ. ಹೆಸರು ನೋಡಿ ‘ಬೂರುಗದ ಮರ’ ಅಂತ ಬರೆದೀರಿ ಮತ್ತೆ! ಅದು ಪಾಪ್ಲರ್ ಜಾತಿಯ ಮರ, ನೀರಿನ ಪಸೆ ಇರುವ ಕಡೆ ಬೆಳೆಯುತ್ತದೆ.

‘ಕಲಾವಿದ ಅಜ್ಞಾತ’ ಅನ್ನುವುದಂತೂ ನನಗೆ ಮೈ ಉರಿಸುವ ಮಾತು. ಕೆತ್ತಿದವನು ಅವನ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದವನೇ. ಕೊಂಡವರು ಹೆಸರು ಕೇಳಿ ಬರೆದುಕೊಳ್ಳಲಿಲ್ಲ, ಅಷ್ಟೇ. ಹಾಗಾಗಿ ‘ಕೆತ್ತಿದವರ ಹೆಸರು ಬರೆದುಕೊಂಡಿಲ್ಲ’ ಅಂತ ಹಾಕಿ. ಕೊಟ್ಟವರ ಹೆಸರು ಮಾತ್ರ ಎಲ್ಲ ಕಡೆಯೂ ಇರುತ್ತದೆ. ಫೀನಿಕ್ಸಿನ ಹರ್ಡ್ ಮ್ಯೂಸಿಯಂಗೆ 1964ರಲ್ಲಿ ಬಂದ 437 ಗೊಂಬೆಗಳು ಇವತ್ತಿಗೂ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಸಂಗ್ರಹ ಅಂತಲೇ ಹೆಸರುವಾಸಿ. ಹಳೇ ಕಾರ್ಡನ್ನು ಮಾತ್ರ ಅಳಿಸಬೇಡಿ. ತಪ್ಪಿದ್ದರೂ ಅದೂ ಒಂದು ದಾಖಲೆ. ಪಕ್ಕದಲ್ಲಿ ತಿದ್ದುಪಡಿ, ತಾರೀಖು, ನಿಮ್ಮ ಸಹಿ ಇರಲಿ. ಬ್ಯಾಂಕಿನವರಿಗೆ ಇದನ್ನು ನಾನು ಹೇಳಿಕೊಡಬೇಕಾ?

ತಿಗರಿ:

ಅಮ್ಮ, ನಾವು ಕುಂಬಾರರು. ಮಡಕೆ ಅಂದರೆ ಕಳಪೆ ಅಂದ ನಿಮ್ಮ ಅಳಿಯಂದಿರನ್ನು ಒಂದು ದಿನ ಮಣ್ಣು ತುಳಿಯಲು ಕಳಿಸಿ 🙂 ಮಡಕೆ ಅಂತಲೇ ಬರೆಯಿರಿ.

ಆದರೆ ‘ತಿಗರಿಯಲ್ಲಿ ಮಾಡಿದ’ ಅಂತ ಎಲ್ಲೂ ಬರಬಾರದು. ಆ ಊರಿನ ಜನ ತಿಗರಿ, ಅಂದರೆ ಕುಂಬಾರರ ಚಕ್ರ, ಬಳಸುವುದಿಲ್ಲ. ಮಣ್ಣನ್ನು ಹಗ್ಗದ ಹಾಗೆ ಹೊಸೆದು, ಸುತ್ತಿನ ಮೇಲೆ ಸುತ್ತು ಕೂರಿಸಿ, ಒಳಗೂ ಹೊರಗೂ ಕೆರೆದು ಸಮ ಮಾಡುತ್ತಾರೆ. ಆಮೇಲೆ ತೆಳ್ಳಗೆ ಕೆಮ್ಮಣ್ಣಿನ ನೀರು ಹಚ್ಚಿ ನುಣುಪು ಕಲ್ಲಿನಲ್ಲಿ ಉಜ್ಜುತ್ತಾರೆ. ಆ ಹೊಳಪು ಕಲ್ಲಿನದು, ಗಾಜಿನ ಲೇಪದ್ದಲ್ಲ. ಉಜ್ಜಿದ ಮೇಲೆ ಮಣ್ಣುನೀರಿನಲ್ಲಿ ಚಿತ್ರ ಬರೆದರೆ ಅಷ್ಟು ಜಾಗ ಮಂಕಾಗಿ ಉಳಿಯುತ್ತದೆ. ಕಪ್ಪಿನ ಮೇಲೆ ಕಪ್ಪು ಕಾಣುವುದು ಹಾಗೆ.

ಇನ್ನು ಕಪ್ಪು ಬಣ್ಣ. ಹಚ್ಚಿದ್ದಲ್ಲ ಅದು! ಮಣ್ಣು ಕೆಂಪೇ. ಬೆಂಕಿ ಚೆನ್ನಾಗಿ ಏರಿದ ಮೇಲೆ ಪುಡಿ ಮಾಡಿದ ಕುದುರೆ ಲದ್ದಿ ಸುರಿದು ಗಾಳಿ ಕಟ್ಟಿಬಿಡುತ್ತಾರೆ. ಗಾಳಿ ಸಿಗದೆ, ಹೊಗೆ ಒಳಗೇ ಕೂಡಿ, ಮೈ ಕರಿದಾಗುತ್ತದೆ. ನಮ್ಮಲ್ಲೂ ಕರಿ ಮಡಕೆಗೆ ಹೊಗೆ ಕೂಡಿಹಾಕುತ್ತೇವೆ, ಆದರೆ ಆ ಕನ್ನಡಿ ಹೊಳಪು ನಮಗೆ ಬರುವುದಿಲ್ಲ. ಸುಳ್ಳು ಯಾಕೆ ಹೇಳಲಿ.

ಒಂದು ಕೆಲಸ ಮಾಡಿ. ಮಡಕೆಯ ಅಡಿಯಲ್ಲಿ ಏನು ಸಹಿ ಇದೆ ನೋಡಿ. ನೀವೇ ಎತ್ತಬೇಡಿ, ಅವರ ಕೈಯಲ್ಲಿ ಎತ್ತಿಸಿ. ಮರಿಯಾ ಒಬ್ಬಳೇ ಮಾಡುತ್ತಿರಲಿಲ್ಲ. ಆಕೆ ಮಡಕೆ ಎಬ್ಬಿಸಿ ಉಜ್ಜುತ್ತಿದ್ದಳು, ಗಂಡ ಹೂಲಿಯನ್ ಚಿತ್ರ ಬರೆಯುತ್ತಿದ್ದ. ಆತ ತೀರಿಕೊಂಡಿದ್ದು 1943ರಲ್ಲಿ.

ಕಡಲ ಕರೆಯವ:

ನಾನು ಉಡುಪಿ ಕಡೆಯವನು. ಮೂರನೇ ಪ್ರಶ್ನೆಗೆ ಮಾತ್ರ ಉತ್ತರ.

ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ನಮ್ಮ ಮೆಕ್ಕೆಕಟ್ಟಿನ ಮರದ ಭೂತಗಳಿವೆ. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದರು. ಪಕ್ಕದಲ್ಲಿ ಒಬ್ಬರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ತಪ್ಪು ಅವರದಲ್ಲ, ಫಲಕ ಓದಿದರೆ ಯಾರಿಗಾದರೂ ಅದು ಬರೀ ಮರ. ನಮ್ಮಲ್ಲಿ ದೈವದ ‘ಮೊಗ’ಕ್ಕೆ ಯಾರೂ ಮುಖವಾಡ ಅನ್ನುವುದಿಲ್ಲ. ಮುಖವಾಡ ಅಂದ ಕೂಡಲೇ ಏನೋ ವೇಷ ಅನ್ನಿಸುತ್ತದೆ, ಅಲ್ವಾ?

ಹೋಪಿಗಳೂ ಅವನ್ನು ಮುಖವಾಡ ಅನ್ನುವುದಿಲ್ಲ, ‘ಗೆಳೆಯರು’ ಅನ್ನುತ್ತಾರೆ. 2013ರಲ್ಲಿ ಪ್ಯಾರಿಸ್‌ನಲ್ಲಿ ಅವು ಹರಾಜಿಗೆ ಬಂದಾಗ ಹೋಪಿಗಳು ಬೇಡ ಬೇಡ ಅಂದರೂ ನಿಲ್ಲಲಿಲ್ಲ. ಆ ವರ್ಷದ ಡಿಸೆಂಬರಿನ ಹರಾಜಿನಲ್ಲಿ ಆನನ್‌ಬರ್ಗ್ ಫೌಂಡೇಶನ್ ಅನ್ನುವ ಅಮೆರಿಕದ ದತ್ತಿ ಸಂಸ್ಥೆ 24 ವಸ್ತುಗಳನ್ನು ಕೊಂಡು, ಹೋಪಿ ಮತ್ತು ಅಪಾಚಿ ಜನರಿಗೆ ವಾಪಸ್ ಕೊಡುವ ಏರ್ಪಾಡು ಮಾಡಿತು. ಕೊಂಡು ತಂದು ಕೊಡಬೇಕಾಯಿತು ನೋಡಿ. ನಿಮ್ಮ ಮೇಡಂ ಹಾಳೆಯಿಂದ ಫೋಟೋ ಕಿತ್ತುಹಾಕಿದ್ದು ಸರಿಯೇ.

ಕ್ಯಾಟಲಾಗ್ ಕಾರಕೂನ:

ಇದಕ್ಕೆ ಕಾನೂನಿನ ಮಾತು ಸೇರಿಸುತ್ತೇನೆ. ಪವಿತ್ರ ವಸ್ತುಗಳನ್ನು ಮೂಲದವರಿಗೆ ಮರಳಿಸುವ ಕಾಯ್ದೆ ಅಮೆರಿಕದಲ್ಲಿ 1990ರಲ್ಲೇ ಬಂತು. 2024ರ ಜನವರಿಯಿಂದ ಹೊಸ ನಿಯಮ: ಅಂಥವನ್ನು ಪ್ರದರ್ಶನಕ್ಕೆ ಇಡುವ ಮೊದಲು ಆ ಬುಡಕಟ್ಟಿನ ಒಪ್ಪಿಗೆ ಬೇಕು. ಆಗ ಕೆಲವು ದೊಡ್ಡ ಮ್ಯೂಸಿಯಂಗಳು ರಾತ್ರೋರಾತ್ರಿ ಕಪಾಟುಗಳಿಗೆ ಬಟ್ಟೆ ಮುಚ್ಚಿದವು. ತಿಹು ವಿಷಯ ಬೇರೆ. ಹೋಪಿ ಕೆತ್ತನೆಗಾರರೇ ಅದನ್ನು ಮಾರಲೂ ಮಾಡುತ್ತಾರೆ.

ನ್ಯೂ ಮೆಕ್ಸಿಕೊದ ಝೂನಿ ಬುಡಕಟ್ಟಿನ ಜನರ ಅಹಯುದ ಅನ್ನುವ ಮರದ ಆಕೃತಿಗಳ ಕಥೆ ಇನ್ನೂ ವಿಚಿತ್ರ. ಅವು ಬಯಲಿನಲ್ಲಿ ಗಾಳಿ ಮಳೆಗೆ ಸಿಕ್ಕಿ ಕರಗಿ ಹೋಗಬೇಕು, ಅದೇ ಅವುಗಳ ಕೆಲಸ. ಮ್ಯೂಸಿಯಂಗಳು ಹುಳು ಹಿಡಿಯದ ಹಾಗೆ ಜೋಪಾನ ಮಾಡಿದವು! 1978ರಿಂದ ಝೂನಿಗಳು ಒಂದೊಂದನ್ನೇ ಕೇಳಿ ವಾಪಸ್ ತರುತ್ತಿದ್ದಾರೆ. ‘ಸುಸ್ಥಿತಿಯಲ್ಲಿದೆ’ ಅಂತ ನಾವು ಹೆಮ್ಮೆಯಿಂದ ಬರೆದಿದ್ದು ಅವರ ಲೆಕ್ಕದಲ್ಲಿ ದೂರು.

ಮರಳುಗಾಡಿನ ಮೈಸೂರಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮೇಡಂ ಕೈಗವಸು ಹಾಕಿಕೊಂಡು ಮಡಕೆ ಎತ್ತಿದರು. ನಾನು ಮಂಡಿಯೂರಿ, ಟಾರ್ಚ್ ಹಿಡಿದು ಓದಿದೆ. ‘ಮರೀ + ಸಂತಾನಾ’ ಅಂತಿದೆ! ಸಂತಾನಾ ಆಕೆಯ ಸೊಸೆಯಂತೆ, ದೊಡ್ಡ ಮಗ ಆಡಮ್‌ನ ಹೆಂಡತಿ. ಹೂಲಿಯನ್ ಹೋದ ಮೇಲೆ ಚಿತ್ರ ಬರೆದವಳು. ಅಂದರೆ 1930 ಅನ್ನುವುದೂ ತಪ್ಪು, 1943ರ ಈಚಿನದು. ಸೊಸೆ ಸಹಿ ಮಾಡಿ ಇಟ್ಟಿದ್ದಾಳೆ, ಕಾರ್ಡು ಬರೆದವರು ಅತ್ತೆಯ ಹೆಸರು ಮಾತ್ರ ಎತ್ತಿಕೊಂಡಿದ್ದಾರೆ. ನನಗೆ ಯಾಕೋ ಬಹಳ ಹೊತ್ತು ಅದೇ ತಲೆಯಲ್ಲಿತ್ತು.

ಹಾಳೆಯಲ್ಲಿ ಹೀಗೆ ಬರೆದಿದ್ದೇನೆ:

‘ತಿಹು. ಹೋಪಿ ಹೆಣ್ಣುಮಕ್ಕಳಿಗೆ ಕೊಡುವ ಮರದ ಗೊಂಬೆ. ಕಾಟನ್‌ವುಡ್ ಬೇರು, ಬಣ್ಣ. ಕೈಗಳು ಹೊಟ್ಟೆಗೆ ಒತ್ತಿವೆ. ಗೋಡೆಗೆ ನೇತುಹಾಕಲು ಕತ್ತಿಗೆ ದಾರ. ಕೆತ್ತಿದವರ ಹೆಸರು ಬರೆದುಕೊಂಡಿಲ್ಲ.’

‘ಕರಿ ಮಡಕೆ. ಮಾಡಿದವರು ಮರಿಯಾ ಮಾರ್ಟಿನೆಜ್, ಚಿತ್ರ ಸೊಸೆ ಸಂತಾನಾ. ಸ್ಯಾನ್ ಇಲ್ಡೆಫಾನ್ಸೊ, ನ್ಯೂ ಮೆಕ್ಸಿಕೊ. ತಿಗರಿ ಇಲ್ಲದೆ ಸುತ್ತು ಕಟ್ಟಿದ್ದು, ಕಲ್ಲಿನಲ್ಲಿ ಉಜ್ಜಿದ್ದು, ಹೊಗೆಯಲ್ಲಿ ಕಪ್ಪಾದದ್ದು. ಭುಜದ ಸುತ್ತ ಗರಿಗಳ ಸಾಲು. ಎತ್ತರ 19 ಸೆಂ.ಮೀ.’

ಮೂರನೆಯದು ಹಾಳೆಯಲ್ಲಿ ಇಲ್ಲ.

ತಿಗರಿ:

ಚೆನ್ನಾಗಿದೆ ಅಮ್ಮ. ಬಾಯಿ ಎಷ್ಟು ಅಗಲ ಅಂತ ಬರೆದಿಲ್ಲ. ಬಾಯಿ ಅಳತೆ ಇಲ್ಲದೆ ಮಡಕೆ ಕಣ್ಣಿಗೆ ಕಟ್ಟುವುದಿಲ್ಲ.

ಮರಳುಗಾಡಿನ ಮೈಸೂರಮ್ಮ:

ಅಯ್ಯೋ, ಹೌದಲ್ಲ. ಗುರುವಾರ ಹೋದಾಗ ಟೇಪು ಹಿಡಿಯುತ್ತೇನೆ.