ಹೆಸರಿಲ್ಲದೆ ಬರೆಯಬಹುದು ಅಂದರೂ ಫಾರ್ಮ್‌ಗೆ ಯಾರೂ ಬರೆಯುತ್ತಿಲ್ಲ, ಸಹಾಯ ಬೇಕು

ಕದ್ರಿ_ಓದುಗ:
ಮೂರು ದಿನದಿಂದ ತಲೆ ಕೆಟ್ಟಿದೆ. ನಮ್ಮ ಕೂಟದವರು ತಿಂಗಳಿಗೊಂದು ಗೋಡೆ ಪತ್ರಿಕೆ ಹಾಕುತ್ತೇವೆ. ಓದಿದವರು ಅಭಿಪ್ರಾಯ ಬರೆಯಲಿ ಎಂದು ಕೆಳಗೆ ಗೂಗಲ್ ಫಾರ್ಮ್‌ನ ಕ್ಯೂಆರ್ ಕೋಡ್ ಉಂಟು. ಹೋದ ತಿಂಗಳು 40 ಬಂದಿತ್ತು, ಈ ತಿಂಗಳು ಎರಡೇ. ಹೆಸರು ಕಡ್ಡಾಯ ಅಲ್ಲ. ನನ್ನ ಫೋನಿನಲ್ಲಿ ಸರಿಯಾಗಿಯೇ ತೆರೆಯುತ್ತದೆ. ಎಂಥ ಹಾಳಾಗಿದೆ?

ಬಂದರು_ನೆಟ್:
ಕೋಡ್‌ದೇ ಸಮಸ್ಯೆ. ಮಳೆಗಾಲ ಅಲ್ವಾ, ಕಾಗದ ಒದ್ದೆಯಾಗಿರುತ್ತದೆ. ಲ್ಯಾಮಿನೇಷನ್ ಮಾಡಿಸಿ.

ಕದ್ರಿ_ಓದುಗ:
ಲ್ಯಾಮಿನೇಷನ್ ಆಗಿದೆ. ಒಳಗಿನ ಗೋಡೆ.

ಬಂದರು_ನೆಟ್:
ಹಾಗಾದರೆ ಅದರ ಹೊಳಪು. ಟ್ಯೂಬ್‌ಲೈಟ್ ಬಿದ್ದರೆ ಸ್ಕ್ಯಾನ್ ಆಗುವುದಿಲ್ಲ. ಕೋಡ್ ಸುತ್ತ, ಅದರೊಳಗಿನ ನಾಲ್ಕು ಸಣ್ಣ ಚೌಕದಷ್ಟು ಬಿಳಿ ಅಂಚು ಬಿಟ್ಟಿದ್ದೀರಾ? ಫೋಟೋ ಹಾಕಿ.

ಬ್ರಹ್ಮಗಿರಿ:
ಕೋಡ್ ಬಿಡಿ ಮಾರಾಯ್ರೇ. ಸೆಟ್ಟಿಂಗ್ ಏನಾದರೂ ಬದಲಿಸಿದಿರಾ?

ಕದ್ರಿ_ಓದುಗ:
ಅದು ಬದಲಿಸಲೇಬೇಕಿತ್ತಲ್ವಾ. ಹೋದ ಸಲದ 40ರಲ್ಲಿ 17 ಒಂದೇ ಧಾಟಿಯ ಬೈಗುಳ. ಮೊದಲ ಸಲ ಕಥೆ ಬರೆದ ಹುಡುಗಿಯ ಮೇಲೆ. ಅವಳು ಆಮೇಲೆ ಕೂಟಕ್ಕೇ ಬಂದಿಲ್ಲ. ಅದಕ್ಕೇ ಒಬ್ಬರು ಒಂದೇ ಸಲ ಬರೆಯಲಿ ಎಂದು ‘ಲಿಮಿಟ್ ಟು ಒನ್ ರೆಸ್ಪಾನ್ಸ್’ ಆನ್ ಮಾಡಿದೆ.

ಬ್ರಹ್ಮಗಿರಿ:
ಇದನ್ನು ಮೊದಲೇ ಹೇಳಬೇಕಿತ್ತು. ಅದು ಆನ್ ಇದ್ದರೆ ಗೂಗಲ್ ಖಾತೆಗೆ ಲಾಗಿನ್ ಆಗದೆ ಬರೆಯಲು ಆಗುವುದಿಲ್ಲ. ಇಮೇಲ್ ಸಂಗ್ರಹ ಆಫ್ ಇದ್ದರೆ ವಿಳಾಸ ನಿಮಗೆ ಕಾಣುವುದಿಲ್ಲ, ನಿಜ. ಆದರೆ ಬರೆಯುವವರಿಗೆ ತಮ್ಮದೇ ಜಿಮೇಲ್ ಮೇಲ್ಗಡೆ ಕಾಣುತ್ತದೆ. ವಿಳಾಸ ಯಾರಿಗೂ ಹೋಗುವುದಿಲ್ಲ ಎನ್ನುವ ಕೆಳಗಿನ ‘ನಾಟ್ ಶೇರ್ಡ್’ ಸಣ್ಣ ಅಕ್ಷರ. ಹೆಸರು ಗೊತ್ತಾಗುತ್ತದೆ ಎಂದು ಹೆದರಿ ಮುಚ್ಚುತ್ತಾರೆ. ಬೈಯುವವರ ಹತ್ತಿರ ಎರಡು ಜಿಮೇಲ್ ಇದ್ದರೆ ಈ ಮಿತಿಯೂ ದಂಡ.

ಮಲ್ಪೆ_ಅಲೆ:
ಬೈದವರ ಮೇಲೆ ಐಟಿ ಕಾಯ್ದೆ 66ಎ ಹಾಕಿಸಿ, ಆನ್‌ಲೈನ್ ಬೈಗುಳಕ್ಕೆ ಶಿಕ್ಷೆಯ ಕಲಂ ಅದು. ಬುದ್ಧಿ ಬರುತ್ತದೆ.

ಬ್ರಹ್ಮಗಿರಿ:
66ಎ ಎಲ್ಲಿದೆ ಈಗ? 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಮಲ್ಪೆ_ಅಲೆ:
ಬೇರೆ ಕಲಂ ಇರುತ್ತದೆ. ಅನಾಮಿಕರಿಗೆ ಸಲುಗೆ ಕೊಡಬಾರದು.

ಕಾಪು_ದೀಪ:
ಅನಾಮಧೇಯ ಅನ್ನಿ. ಅನಾಮಿಕ ಅಂದರೆ ಉಂಗುರ ಬೆರಳು.

ಮಲ್ಪೆ_ಅಲೆ:
ಎರಡೂ ನಡೆಯುತ್ತದೆ, ನಿಘಂಟು ನೋಡಿ.

ಮಣಿಪಾಲ_ಪೆಟ್ಟಿಗೆ:
ನಾನು ಗೂಗಲ್ ಮುಟ್ಟುವುದೇ ಇಲ್ಲ. ಮನೆಯಲ್ಲೇ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಅದರಲ್ಲಿ ಫಾರ್ಮ್ ಮಾಡುವ ಲೈಮ್‌ಸರ್ವೇ ತಂತ್ರಾಂಶ. ಯುಪಿಎಸ್ ಎಲ್ಲ ಉಂಟು. ಕರೆಂಟ್ ಹೋದರೂ ನಿಲ್ಲುವುದಿಲ್ಲ.

ಕಾಪು_ದೀಪ:
ಅಡ್ಡ ಹೆಸರಿನ ಒಂದು ಕಾಲಂ ಇಡಿ. ನಂದಳಿಕೆಯ ಲಕ್ಷ್ಮೀನಾರಣಪ್ಪ ನಮ್ಮ ಉಡುಪಿಯಲ್ಲಿ ಮೇಷ್ಟ್ರಾಗಿದ್ದವರು, ಬರೆದದ್ದು ಮುದ್ದಣ ಎಂಬ ಹೆಸರಿನ ಹಿಂದೆ ನಿಂತು. ಹೆಸರು ಮುಚ್ಚಿಡುವವರೆಲ್ಲ ಕೆಟ್ಟವರಲ್ಲ. ನಿಜ ಹೆಸರು ಸಂಪಾದಕರಿಗೆ ಮಾತ್ರ ಗೊತ್ತಿದ್ದರೆ ಸಾಕು.

ಬ್ರಹ್ಮಗಿರಿ:
ಸಂಪಾದಕರಿಗೂ ಯಾಕೆ? ಸಣ್ಣ ಕೂಟ, ಎಲ್ಲರೂ ಗುರುತಿನವರು. ಮಿತಿ ತೆಗೆಯಿರಿ. ಗೋಡೆಗೆ ಹಾಕುವ ಮೊದಲು ನೀವೇ ಓದಿ. ಬರಹದ ಬಗ್ಗೆ ಎಷ್ಟು ಖಾರ ಇದ್ದರೂ ಹಾಕಿ, ಬರೆದವರ ಬಗ್ಗೆ ಇದ್ದರೆ ಬೇಡ. ಈ ನಿಯಮವನ್ನು ಫಾರ್ಮ್‌ನ ಮೇಲೇ ದೊಡ್ಡದಾಗಿ ಬರೆಯಿರಿ.

ಕದ್ರಿ_ಓದುಗ:
ಮಿತಿ ತೆಗೆದೆ, ನಿಯಮ ಬರೆದೆ. ನಿನ್ನೆಯಿಂದ ಒಂಬತ್ತು ಬಂದಿವೆ. ಹಳೆಯ 17 ಸಾಲು ಶೀಟ್‌ನಲ್ಲಿ ಇನ್ನೂ ಉಂಟು.

ಬಂದರು_ನೆಟ್:
ಅಳಿಸಬೇಡಿ. ಪ್ರತಿ ಸಾಲಿಗೂ ದಿನ, ಗಂಟೆ, ನಿಮಿಷ ಇರುತ್ತದೆ. ಆ ಹೊತ್ತಿಗೆ ಅಲ್ಲಿ ಯಾರಿದ್ದರು ಎಂದು ನೋಡಿದರೆ ಆಳು ಸಿಗುತ್ತಾರೆ.

ಕದ್ರಿ_ಓದುಗ:
ಅಳಿಸಿದೆ. ಹೆಸರು ಬೇಡ ಎಂದು ಹೇಳಿದ್ದು ನಾವೇ. ಆ ಮಾತು ಅವರಿಗೂ ಕೊಟ್ಟದ್ದು. ಇವತ್ತು ಸಂಜೆ ಆ ಹುಡುಗಿಯ ಮನೆಗೆ ಹೋಗುತ್ತಿದ್ದೇನೆ.