ಸೋನಿಕ್ ಕಾಮಿಕ್ 200ನೇ ಸಂಚಿಕೆ: ಎಗ್‌ಮ್ಯಾನ್ ಯಾಕೆ ಕೂಗುವುದು?

ಅಡಿಕೆತೋಟ_ನೀರ್ಚಾಲು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ನನ್ನದಲ್ಲ, ಮಗಳದ್ದು. ಅವಳಿಗೆ ಒಂಬತ್ತು ವರ್ಷ.

ಮೊನ್ನೆ ಅಟ್ಟ ಗುಡಿಸುವಾಗ ಅಣ್ಣನ ಗಲ್ಫ್ ಪೆಟ್ಟಿಗೆ ಸಿಕ್ಕಿತು. ಅವನು ಶಾರ್ಜಾದಲ್ಲಿದ್ದಾಗ ಊರಿಗೆ ಬರುವಾಗೆಲ್ಲ ಹಗ್ಗ ಕಟ್ಟಿ ತರುತ್ತಿದ್ದದ್ದು, ಹೊರಗೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಹೆಸರು ಬರೆದದ್ದು. ಒಳಗೆ ಒಂದು ಒಡೆದ ಟಾರ್ಚ್, ಖಾಲಿ ಟ್ಯಾಂಗ್ ಡಬ್ಬಿ, ಅದರ ಕೆಳಗೆ ಒಂದು ಕಾಮಿಕ್. ಸೋನಿಕ್ ದ ಹೆಜ್‌ಹಾಗ್, ಅದೇ ವೀಡಿಯೊ ಗೇಮಿನಲ್ಲಿ ಓಡುವ ನೀಲಿ ಪ್ರಾಣಿಯದ್ದು, 200ನೇ ಸಂಚಿಕೆ. 2009ರದ್ದು. ಆಗ ನಾನೇ ಕೇಳಿ ತರಿಸಿಕೊಂಡದ್ದು. ನನಗೆ ಸೋನಿಕ್ ಗೇಮ್ ಗೊತ್ತಿತ್ತು, ಕಾಮಿಕ್ ಉಂಟು ಅಂತ ಅಣ್ಣ ಫೋನಿನಲ್ಲಿ ಹೇಳಿದ ಮೇಲೆಯೇ ಗೊತ್ತಾದದ್ದು. ತಂದದ್ದು ನೋಡಿದರೆ ಸೀದಾ 200ನೆಯದ್ದು! ಹಿಂದಿನ 199 ಇಲ್ಲ, ಮುಂದಿನದ್ದೂ ಇಲ್ಲ. ಚಿತ್ರ ನೋಡಿ ಇಟ್ಟುಬಿಟ್ಟೆ.

ಮಗಳು ಹಾಗೆ ಬಿಡುವವಳಲ್ಲ. ಕೊನೆಯ ಪುಟಗಳಲ್ಲಿ ಸೋನಿಕ್‌ನ ವೈರಿ ಎಗ್‌ಮ್ಯಾನ್‌ಗೆ ಬುದ್ಧಿ ತಪ್ಪುತ್ತದಲ್ವಾ, ಅಲ್ಲಿ ಬೆರಳಿಟ್ಟು ಕೇಳಿದಳು. "ಅಪ್ಪಾ, ಈ ಮೀಸೆ ಅಜ್ಜ ಯಾಕೆ ಕೂಗುವುದು? ಸೋನಿಕ್ ಎಂತ ಮಾಡಿದ?"

ಸೋತದ್ದಕ್ಕೆ ಅಂದೆ. "ಗೇಮಿನಲ್ಲಿ ದಿನಾ ಸೋಲ್ತಾನಲ್ಲ, ಆಗ ಕೂಗುವುದಿಲ್ಲ" ಅಂದಳು. ನನ್ನ ಬಾಯಿ ಬಂದ್.

ಗೊತ್ತಿದ್ದವರು ಹಿಂದಿನ ಕಥೆ ಹೇಳಿ. ಇನ್ನೊಂದು, ಮಳೆಗಾಲದ ಥಂಡಿಗೆ ರಕ್ಷಾಪುಟದ ಒಳಮೈ ಮೊದಲ ಪುಟಕ್ಕೆ ಅಂಟಿದೆ. ಪಿನ್ನಿಗೂ ತುಕ್ಕು. ಬಿಡಿಸಲಿಕ್ಕೆ ಆಗುತ್ತದಾ?

ಕುಂಬಳೆ_ರಿಂಗ್:

ಮಾರಾಯ್ರೆ, ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಆ ಸಂಚಿಕೆಯ ಜೀವ ಇರುವುದೇ ಅಲ್ಲಿ.

200 ಓದಲು 199 ಬೇಡ. ಒಂದೇ ಒಂದು ಬೇಕು: 175. ಅದು 2007ರದ್ದು. ಅದರಲ್ಲಿ ಎಗ್‌ಮ್ಯಾನ್ ಗೆಲ್ಲುತ್ತಾನೆ. ಸುಮ್ನೆ ಗೆಲ್ಲುವುದಲ್ಲ, ಸೋನಿಕ್‌ನನ್ನು ಹಿಡಿದು ಚಚ್ಚುತ್ತಾನೆ. ಅತ್ತ ಅವನ ಹಡಗುಗಳು ಆಕಾಶದಿಂದ ಬಂದು ನಾಟ್‌ಹೋಲ್ ಊರನ್ನು ಸುಟ್ಟು ಬೂದಿ ಮಾಡುತ್ತವೆ. ನಾಟ್‌ಹೋಲ್ ಅಂದರೆ ಸೋನಿಕ್, ರಾಜಕುಮಾರಿ ಸ್ಯಾಲಿ, ಇವರೆಲ್ಲ ವರ್ಷಗಟ್ಟಲೆ ಅಡಗಿದ್ದ ಕಾಡಿನೂರು. ಮುಂದಿನ ಸಂಚಿಕೆಯಲ್ಲಿ ಜನ ಬಚಾವ್ ಆಗುತ್ತಾರೆ, ನಿಕೋಲ್ ಅನ್ನುವ ಕಂಪ್ಯೂಟರ್ ಹೊಸ ಊರನ್ನೇ ಕಟ್ಟಿ ಕೊಡುತ್ತಾಳೆ. ಆದರೆ ಹಳೆ ಊರು ಹೋದದ್ದು ಹೋಯಿತು.

200ರಲ್ಲಿ ಅದೇ ಆಟ ತಿರುಗುಮುರುಗು. ಈ ಸಲ ಇವರೇ ಎಗ್‌ಮ್ಯಾನ್‌ನ ಊರಿಗೆ ನುಗ್ಗುತ್ತಾರೆ. ತಾನು ಒಮ್ಮೆ ಪೂರ್ತಿ ಗೆದ್ದಾಗಿದೆ ಅಂತ ಅವನ ತಲೆಯಲ್ಲಿ ಕೂತುಬಿಟ್ಟಿದೆ. ಗೆಲ್ಲದೇ ಇದ್ದವನು ಸೋತರೆ ಬೇರೆ, ಗೆದ್ದ ರುಚಿ ನೋಡಿದವನು ಸೋತರೆ ಬೇರೆ. ಅದಕ್ಕೆ ಕೂಗುವುದು. ಸೋನಿಕ್ ಮುಖ ನೋಡಿ, ಅವನಿಗೂ ಖುಷಿ ಇಲ್ಲ.

ಎರಡನ್ನೂ ಬರೆದದ್ದು ಇಯಾನ್ ಫ್ಲಿನ್. 2006ರಲ್ಲಿ 160ನೇ ಸಂಚಿಕೆಯಿಂದ ಬಂದವರು. 200ರ ಚಿತ್ರ ಟ್ರೇಸಿ ಯಾರ್ಡ್ಲಿಯವರದ್ದು. ಫ್ಲಿನ್ ಬರುವ ಮೊದಲಿನ ಕೆಲವು ವರ್ಷ ನನಗೆ ಸೇರುವುದಿಲ್ಲ, ಬರೀ ಪ್ರೇಮ ಪ್ರಕರಣ, ಸೀರಿಯಲ್ ಥರ. ಬೈಯುವವರು ಬೈಯಿರಿ.

ಹೊಸೂರು_ಹುಡುಗ:

ಕೂಗುವುದು ಅಂದ್ರೆ? ನಮ್ಮ ಹೊಸೂರು ಕಡೆ ಕೂಗೋದು ಅಂದ್ರೆ ಅರಚೋದು. ಮೀಸೆ ಅಜ್ಜ ಅರಚ್ತಿದ್ದಾನಾ, ಅಳ್ತಿದ್ದಾನಾ?

ಅಡಿಕೆತೋಟ_ನೀರ್ಚಾಲು:

ನಮ್ಮಲ್ಲಿ ಕೂಗುವುದು ಅಂದರೆ ಅಳುವುದು ಸಾರ್. ಚಿತ್ರ ನೋಡಿದರೆ ಎರಡೂ ಹೌದು.

ಹೊಸೂರು_ಹುಡುಗ:

ಸರಿ ಸರಿ. ನಾನು ಈ ಕಾಮಿಕ್‌ಗೆ ಬಂದಿದ್ದು 250ರಿಂದ, 2013ರಲ್ಲಿ. ಸೋನಿಕ್ ಮತ್ತು ಇನ್ನೊಂದು ಗೇಮಿನ ಹೀರೋ ಮೆಗಾ ಮ್ಯಾನ್ ಸೇರಿದ್ದು. ಒಂದು ಎಚ್ಚರಿಕೆ: ಸಂಖ್ಯೆ ದೊಡ್ಡದು ಅಂತ ಅದನ್ನೊಂದೇ ತಗೋಬೇಡಿ. ಅದು ಹನ್ನೆರಡು ಭಾಗದ ಕಥೆಯ ಒಂಬತ್ತನೇ ಭಾಗ, ಬಾಕಿ ಭಾಗಗಳು ಬೇರೆ ಬೇರೆ ಕಾಮಿಕ್‌ನಲ್ಲಿ ಹರಡಿಕೊಂಡಿವೆ. ನಾನು ಮದುವೆ ಮುಗಿದು ಎಲೆ ಎತ್ತುವ ಹೊತ್ತಿಗೆ ಊಟಕ್ಕೆ ಹೋದವನ ಥರ ಆಗಿದ್ದೆ. ಅದಾದ ಮೇಲೆ ಕಥೆಯಲ್ಲಿ ಜಗತ್ತೇ ಬದಲಾಗುತ್ತೆ, ಹಳೆಯ ಎಷ್ಟೋ ಪಾತ್ರಗಳು ಮಾಯ. ನಿಜವಾದ ಕಾರಣ ಕಥೆಯಲ್ಲಿಲ್ಲ, ಹಿಂದೆ ಬರೆಯುತ್ತಿದ್ದವರ ಜೊತೆ ಹಕ್ಕುಸ್ವಾಮ್ಯದ ಕೇಸು.

ನನಗೆ ಸೋನಿಕ್ ಪರಿಚಯ ಆಗಿದ್ದೇ ತಮಾಷೆ. ಮನೆಯ ಟಿವಿ ಗೇಮ್‌ಗೆ ಹಾಕುವ ಹಳದಿ ಕ್ಯಾಸೆಟ್‌ನಲ್ಲಿ ಸೋನಿಕ್‌ನ ಮೈದಾನ, ಸೋನಿಕ್‌ನ ಉಂಗುರ, ಓಡೋದು ಮಾತ್ರ ಮಾರಿಯೋ! ಕಳ್ಳ ಕಂಪನಿ ಮಾಡಿದ್ದು. ಆಟದ ಹೆಸರು ಸೊಮಾರಿ. ಸೋನಿಕ್ ಪ್ಲಸ್ ಮಾರಿಯೋ. ನಮ್ಮಮ್ಮ ಹೆಸರು ಕೇಳಿ "ನಿನಗೆ ಅಂತಲೇ ಮಾಡಿರೋದು" ಅಂದ್ರು.

ಮುಳ್ಳೇರಿಯ_ಟೀಚರ್:

ಕಥೆ ನನಗೆ ಗೊತ್ತಿಲ್ಲ. ಪುಟದ ವಿಷಯಕ್ಕೆ ಬಂದೆ. ಶಾಲೆಯ ಲೈಬ್ರರಿ ಹದಿನಾರು ವರ್ಷ ನಾನೇ ನೋಡಿಕೊಂಡದ್ದು.

ತಮ್ಮಾ, ಬ್ಲೇಡು, ಸ್ಕೇಲು ಹಾಕಿ ಎಬ್ಬಿಸಬೇಡ. ಮಿರುಗುವ ಕಾಗದದ ಮೇಲಿನ ಲೇಪ ಒದ್ದೆಯಾಗಿ ಒಣಗಿದರೆ ಅದೇ ಗೋಂದು. ಪೂರ್ತಿ ಹಿಡಿದಿದ್ದರೆ ಬಿಡಿಸಲಿಕ್ಕೆ ಹೋದಾಗ ಚಿತ್ರವೇ ಕಿತ್ತು ಬರುತ್ತದೆ. ಅಂಚಿನಲ್ಲಿ ಮಾತ್ರ ಹಿಡಿದಿದ್ದರೆ ಪುಣ್ಯ. ಮೂಲೆ ಬಿಟ್ಟುಕೊಂಡಿದೆಯಾ ನೋಡು, ಅಲ್ಲಿಂದ ಬೆರಳ ತುದಿಯಲ್ಲಿ ಮೆಲ್ಲ ತಿರುಗಿಸಿ ನೋಡು. ತಡೆದಲ್ಲಿ ನಿಲ್ಲಿಸು.

ತುಕ್ಕು ಹಿಡಿದ ಪಿನ್ನು ಮೊದಲು ತೆಗೆ. ನಡುಪುಟ ಬಿಡಿಸಿ ಒಳಗಿನಿಂದ ಕಾಲು ನೆಟ್ಟಗೆ ಮಾಡಿ ಆಮೇಲೆ ಬೆನ್ನಿನ ಕಡೆಯಿಂದ ಎಳೆಯಬೇಕು, ಕಾಲು ಮಡಚಿದ ಹಾಗೆಯೇ ಎಳೆದರೆ ಕಾಗದ ಹರಿಯುತ್ತದೆ. ಬದಲಿಗೆ ಬಿಳಿ ನೂಲಿನಲ್ಲಿ ಎರಡು ಹೊಲಿಗೆ ಸಾಕು. ಬಿಸಿಲಿಗೆ ಇಡಬೇಡ, ಬಣ್ಣ ಹೋಗುತ್ತದೆ. ಅಟ್ಟಕ್ಕಂತೂ ಬೇಡವೇ ಬೇಡ. ಒಲೆಯ ಹೊಗೆಗೆ ಅಡಿಕೆ ಒಣಗೀತು, ಪುಸ್ತಕ ಕಪ್ಪಾಗುತ್ತದೆ. ಬಟ್ಟೆಯ ಕಪಾಟಿನಲ್ಲಿ, ಗೋಡೆಗೆ ತಾಗದ ಹಾಗೆ ಇಡು.

ಕುಂಬಳೆ_ರಿಂಗ್:

ಒಂದು ಹೇಳಲು ಮರೆತೆ. ಮಗಳಿಗೆ ಇದು ಖಂಡಿತ ಇಷ್ಟ ಆದೀತು. ಎಗ್‌ಮ್ಯಾನ್‌ನ ಇನ್ನೊಂದು ಹೆಸರು ರೊಬೊಟ್ನಿಕ್. 200ರಲ್ಲಿ ಕೂಗುವವನು ಮೊದಲಿನ ರೊಬೊಟ್ನಿಕ್ ಅಲ್ಲವೇ ಅಲ್ಲ!

ಮೊದಲಿನವನು 50ನೇ ಸಂಚಿಕೆಯಲ್ಲೇ ಸತ್ತ. 1997ರಲ್ಲಿ. ಅವನದ್ದೇ ಆಯುಧ ಅವನನ್ನು ಅಳಿಸಿ ಹಾಕಿತು. ಆಯುಧವನ್ನು ಗುಟ್ಟಾಗಿ ತಿರುಗಿಸಿ ಇಟ್ಟವನು ಸ್ನೈವ್ಲಿ, ಅವನ ಕೈಕೆಳಗೇ ಬೈಗುಳ ತಿಂದುಕೊಂಡಿದ್ದ ಹುಡುಗ. (ಅಳಿಯ ಅಂತ ಬರೆಯಲು ಹೊರಟಿದ್ದೆ. ಆದರೆ ಸ್ನೈವ್ಲಿ ಅವನ ಸಹೋದರನ ಮಗ. ನಮ್ಮ ಅಳಿಯಸಂತಾನದ ಲೆಕ್ಕದಲ್ಲಿ ಅವನಿಗೆ ಒಂದು ಸೆಂಟು ಜಾಗವೂ ಸಿಗುವುದಿಲ್ಲ.) ಆಮೇಲೆ 75ರಲ್ಲಿ ಬೇರೆ ಲೋಕದ ಒಬ್ಬ ರೊಬೊಟ್ನಿಕ್ ಬಂದು ಖಾಲಿ ಕುರ್ಚಿಯಲ್ಲಿ ಕೂತ. ಸ್ವಲ್ಪ ಸಮಯದ ನಂತರ ಗೇಮಿನ ಎಗ್‌ಮ್ಯಾನ್ ಹಾಗೆ ಹೊಸ ಮೈಯನ್ನೂ ಮಾಡಿಕೊಂಡ. ನಿಮ್ಮ ಪುಸ್ತಕದಲ್ಲಿರುವುದು ಅವನು. ಅವನಿಗೆ ಬುದ್ಧಿ ತಪ್ಪಿದ ಮೇಲೆ ರಾಜ್ಯ ಹೊಡೆದುಕೊಳ್ಳುವವರಲ್ಲಿ ಪುನಃ ಸ್ನೈವ್ಲಿ ಇದ್ದಾನೆ, ಐರನ್ ಕ್ವೀನ್ ಎನ್ನುವವಳ ಜೊತೆ.

ಒಂದು ಗೇಮಿನ ಹೆಸರಲ್ಲಿ ಇಷ್ಟು ಕಥೆ! ಮೊದಲ ಗೇಮ್ 1991ರದ್ದು, ಕಾಮಿಕ್ ತಿಂಗಳ ಲೆಕ್ಕದಲ್ಲಿ ಶುರುವಾದದ್ದು 1993ರಲ್ಲಿ. ಗೇಮ್ ಆಧರಿಸಿದ ಕಾಮಿಕ್‌ಗಳಲ್ಲಿ ಅತಿ ಹೆಚ್ಚು ಕಾಲ ನಡೆದದ್ದು ಅಂತ 2008ರಲ್ಲೇ ಗಿನ್ನೆಸ್‌ಗೆ ಹೋಗಿತ್ತು. 290ಕ್ಕೆ ನಿಂತಿತು, ಅರ್ಧ ಕಥೆಯಲ್ಲಿ. ಕೊನೆಯ ಕಂತು ಅಂತ ಯಾರೂ ಹೇಳಲಿಲ್ಲ. 2018ರ ಏಪ್ರಿಲ್‌ನಲ್ಲಿ ಐಡಿಡಬ್ಲ್ಯು ಪ್ರಕಾಶನ ಪುನಃ 1ರಿಂದ ಶುರು ಮಾಡಿತು, ಅಲ್ಲೂ ಫ್ಲಿನ್ನೇ. ಮಗಳಿಗೆ ಹೊಸದಾಗಿ ಕೊಡಿಸುವುದಾದರೆ ಅದನ್ನೇ ಕೊಡಿಸಿ. ಹಳೆಯದ್ದು ಸೆಕೆಂಡ್‌ಹ್ಯಾಂಡ್ ಮಾತ್ರ, ಬೆಲೆ ಕೇಳಿದರೆ ಅಡಿಕೆ ರೇಟೇ ವಾಸಿ ಅನ್ನಿಸೀತು.

ಅಡಿಕೆತೋಟ_ನೀರ್ಚಾಲು:

ಎಲ್ಲರಿಗೂ ಥ್ಯಾಂಕ್ಸ್. ಟೀಚರ್ ಹೇಳಿದ ಹಾಗೆ ಪಿನ್ನು ತೆಗೆದೆ. ಒಂದು ಬಂತು, ಇನ್ನೊಂದು ಕೈಯಲ್ಲೇ ಪುಡಿಯಾಯಿತು. ಹೊಲಿಗೆ ಹಾಕಿದ್ದು ಹೆಂಡತಿ, ಹೂ ಕಟ್ಟುವ ನೂಲಿನಲ್ಲಿ. ಅಂಟಿದ ಪುಟ ಮುಕ್ಕಾಲು ಬಿಟ್ಟಿತು. ಕೆಳಗಿನ ಮೂಲೆ ಬಿಡಲಿಲ್ಲ, ನಿಲ್ಲಿಸಿದೆ. ಅಲ್ಲಿ ಯಾರದ್ದೋ ಕಾಲು ಉಂಟು, ಯಾರದ್ದು ಅಂತ ಗೊತ್ತಿಲ್ಲ.

ರಾತ್ರಿ ಊಟ ಆದ ಮೇಲೆ ಮಗಳಿಗೆ ಕಥೆ ಪೂರ್ತಿ ಹೇಳಿದೆ. 50, 75, 175, ಎಲ್ಲ. ಬೇರೆ ಲೋಕದಿಂದ ಬಂದ ರೊಬೊಟ್ನಿಕ್‌ಗೆ ಅವಳೇನೂ ಆಶ್ಚರ್ಯ ಪಡಲಿಲ್ಲ. ಊರು ಸುಟ್ಟದ್ದಕ್ಕೆ ಮಾತ್ರ ಸುಮ್ಮನಾದಳು. ಲೈಟ್ ಆಫ್ ಮಾಡಿದ ಮೇಲೆ ಕತ್ತಲಲ್ಲಿ ಕೇಳಿದಳು, "ಹಾಗಾದರೆ 175ರಲ್ಲಿ ಸೋನಿಕ್ ಕೂಗಿದನಾ?"

175 ಯಾರ ಹತ್ತಿರ ಆದರೂ ಇದ್ದರೆ ನೋಡಿ ಹೇಳಿ.